ಬಸ್ಸು ಬರುವವರೆಗೆ ಒಂದು ಪುಸ್ತಕ

ಶಿರಾಳಕೊಪ್ಪ ದಾರಿಗಳು ಕೂಡುವ ಊರು. ಶಿಕಾರಿಪುರದ ರಸ್ತೆ, ಸೊರಬದ ರಸ್ತೆ, ಆನವಟ್ಟಿಯ ಮೇಲೆ ಹಾನಗಲ್ಲಿಗೆ ಹೋಗುವ ರಸ್ತೆ, ಹಿರೇಕೆರೂರಿನ ರಸ್ತೆ, ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಇವೆಲ್ಲ ಇಲ್ಲಿ ಸಂಧಿಸುತ್ತವೆ. ರೈಲು ಇನ್ನೂ ಬಂದಿಲ್ಲವಾದ್ದರಿಂದ ಬರುವವರೂ ಹೋಗುವವರೂ ಬಸ್ಸನ್ನೇ ನೆಚ್ಚಿಕೊಂಡವರು. ಬಳ್ಳಿಗಾವಿಯ ದೇವಾಲಯಗಳು ಇಲ್ಲಿಂದ ಎರಡು-ಮೂರು ಕಿಲೋಮೀಟರು. ಕದಂಬರ ತಾಳಗುಂದ ಅದಕ್ಕೆ ಹತ್ತಿರ. ಅಕ್ಕಮಹಾದೇವಿಯ ಹುಟ್ಟೂರೆಂದು ಹೇಳುವ ಉಡುತಡಿಯೂ ದೂರವಿಲ್ಲ. ಬನವಾಸಿಗೆ ಹೋಗುವವರು, ಚಂದ್ರಗುತ್ತಿಗೆ ಹರಕೆ ಹೊತ್ತವರು, ಮಳೆಗಾಲದಲ್ಲಿ ಗುಡವಿಯ ಹಕ್ಕಿ ನೋಡಲು ಹೊರಟವರು ಹೀಗೆ ಹಲವರು ಈ ಸೀಮೆಯ ಸಣ್ಣ ಊರುಗಳ ಬಸ್ ನಿಲ್ದಾಣಗಳಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತಾರೆ.

ಹೀಗೆ ಕಾಯುವವರು ಏನು ಮಾಡುತ್ತಾರೆ? ಹೋಟೆಲಿನಲ್ಲಿ ಒಂದು ಕಾಫಿಗೆ ಕಾಲು ಗಂಟೆ ಕೂರಬಹುದು. ಎರಡನೆಯ ಕಾಫಿ ಮುಗಿದ ಮೇಲೆ ಮಾಣಿ ಮೇಜು ಒರೆಸತೊಡಗುತ್ತಾನೆ. ನಿಲ್ದಾಣದ ಕಲ್ಲುಬೆಂಚು ಬಿಸಿಲಿಗೆ ಕಾದಿರುತ್ತದೆ, ಇಲ್ಲವೆ ಮಳೆಗೆ ನೆನೆದಿರುತ್ತದೆ. ಊರಿನಲ್ಲಿ ಕಾಸಿಲ್ಲದೆ, ಜಾತಿ ಕುಲ ಹೇಳದೆ, ಯಾರ ಮರ್ಜಿಯೂ ಇಲ್ಲದೆ ನೆರಳಿನಲ್ಲಿ ಕುಳಿತುಕೊಳ್ಳಬಹುದಾದ ಒಂದು ಸರಕಾರಿ ಕೋಣೆ ಇದೆ, ಅಲ್ಲಿ ಕುರ್ಚಿಯಿದೆ, ಫ್ಯಾನಿದೆ, ಅಂದಿನ ಪತ್ರಿಕೆಗಳಿವೆ ಎಂಬುದು ಮಾತ್ರ ಬಹಳ ಜನರಿಗೆ ಹೊಳೆಯುವುದಿಲ್ಲ. ಸಾರ್ವಜನಿಕ ಗ್ರಂಥಾಲಯವೆಂದರೆ ಆ ಊರಿನವರದು, ಅದರಲ್ಲೂ ಸದಸ್ಯರದು ಎಂಬ ಭಾವನೆ ಹೇಗೋ ಬೇರೂರಿಬಿಟ್ಟಿದೆ.

ನಿಜಸ್ಥಿತಿ ಹಾಗಿಲ್ಲ. ಮನೆಗೆ ಪುಸ್ತಕ ಒಯ್ಯುವುದಕ್ಕೆ ಮಾತ್ರ ಸದಸ್ಯತ್ವ ಬೇಕು. ಅಲ್ಲೇ ಕುಳಿತು ಓದುವುದಕ್ಕೆ ಬೇಡ. ಯಾವ ಊರಿನವನಾದರೂ ಚಪ್ಪಲಿ ಬಿಟ್ಟು ಒಳಗೆ ಹೋಗಿ ಪತ್ರಿಕೆ ಹಿಡಿಯಬಹುದು. ಹೆಚ್ಚೆಂದರೆ ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆದು ಸಹಿ ಹಾಕಬೇಕಾದೀತು. ಸಾರ್ವಜನಿಕ ಎಂಬ ಮಾತಿಗೆ ಅರ್ಥವೇ ಅದು. ಕರ್ನಾಟಕದಲ್ಲಿ ಈ ಮಾತಿಗೆ ಕಾನೂನಿನ ಬಲವೂ ಇದೆ. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1966ರ ನವೆಂಬರ್ 1ರಂದು ಜಾರಿಗೆ ಬಂತು. ಅದರ ಕರಡಿನ ಹಿಂದೆ ಎಸ್.ಆರ್. ರಂಗನಾಥನ್ ಅವರ ಶ್ರಮವಿತ್ತು. ಗಣಿತದ ಮೇಷ್ಟರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪುಸ್ತಕರೂಪದಲ್ಲಿ ಕೊಟ್ಟರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡರು. ಪುಸ್ತಕವಿರುವುದು ಬಳಸುವುದಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಆ ಸೂತ್ರಗಳಲ್ಲಿ ಮೊದಲಿನ ಎರಡು. ಓದುಗ ಎಂದರೆ ಇದೇ ಊರಿನಲ್ಲಿ ಮನೆ ಇರುವವನು ಎಂಬ ಷರಾ ಅಲ್ಲೆಲ್ಲೂ ಇಲ್ಲ.

ಖರ್ಚಿನ ಲೆಕ್ಕದಲ್ಲಿ ನೋಡಿದರೂ ಪರಸ್ಥಳದವನು ಬಿಟ್ಟಿ ಅತಿಥಿಯಲ್ಲ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಕರ ವಸೂಲು ಮಾಡುತ್ತವೆ. ಪ್ರವಾಸಿ ತಂಗುವ ಲಾಡ್ಜು, ಉಣ್ಣುವ ಹೋಟೆಲು, ಕೂಲಿಯವರು ಬಾಡಿಗೆ ಕೊಡುವ ಕೋಣೆ ಎಲ್ಲಕ್ಕೂ ಈ ಕರವುಂಟು. ಮಾಲೀಕ ಅದನ್ನು ಬಾಡಿಗೆಯಲ್ಲಿ, ಊಟದ ದರದಲ್ಲಿ ಸೇರಿಸಿಯೇ ಇರುತ್ತಾನೆ. ಅಂದಮೇಲೆ ಒಂದು ರಾತ್ರಿ ತಂಗಿದವನೂ ಊರಿನ ಗ್ರಂಥಾಲಯಕ್ಕೆ ನಾಲ್ಕು ಕಾಸು ಕೊಟ್ಟೇ ಹೋಗಿರುತ್ತಾನೆ, ಗೊತ್ತಿಲ್ಲದೆ!

ಎರಡು ಶಾಸನಗಳು

ಈ ಸೀಮೆಗೆ ಇದೆಲ್ಲ ಹೊಸ ಮಾತೂ ಅಲ್ಲ. ನಾಲ್ಕಾರು ಕಿಲೋಮೀಟರ್ ಅಂತರದಲ್ಲಿರುವ ಎರಡು ಶಾಸನಗಳು ವಿದ್ಯೆಯ ಮನೆಗೆ ಬಂದ ಪರಊರಿನವನ ಎರಡು ಬಗೆಯ ಕಥೆಯನ್ನು ಹೇಳುತ್ತವೆ.

ಒಂದು ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಸ್ತಂಭದಲ್ಲಿದೆ. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನ ಅದು. ತಾಳಗುಂದದ ಮಯೂರಶರ್ಮ ಹೆಚ್ಚಿನ ಓದಿಗಾಗಿ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಹಿಡಿದಿದ್ದ ಕೈ ಕತ್ತಿ ಹಿಡಿಯಿತು. ಕದಂಬ ರಾಜ್ಯ ಹುಟ್ಟಿತು. ಶಾಲೆಯ ಪಾಠದಲ್ಲಿ ನಾವೆಲ್ಲ ಇದನ್ನು ಶೌರ್ಯದ ಕಥೆಯಾಗಿ ಓದಿದ್ದೇವೆ. ದೂರದಿಂದ ಓದಲು ಬಂದ ಹುಡುಗನನ್ನು ಒಂದು ಊರು ಹೇಗೆ ನಡೆಸಿಕೊಂಡಿತು ಎಂಬ ಕಥೆಯೂ ಹೌದು ಅದು.

ಇನ್ನೊಂದು ಬಳ್ಳಿಗಾವಿಯದು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯಮಠ ಕಾಳಾಮುಖ ಯತಿಗಳ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು ಬಂತೆನ್ನುತ್ತಾರೆ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಉದ್ದಕ್ಕೆ ಪಟ್ಟಿಮಾಡುತ್ತದೆ. ನಾಲ್ಕು ವೇದಗಳ ಪಾಠ, ಹಲವು ವ್ಯಾಕರಣಗಳ ವ್ಯಾಖ್ಯಾನ, ಷಡ್ದರ್ಶನ, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ. ಇಷ್ಟು ಹೇಳಿ ಶಾಸನ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಜೈನ ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ನಾನಾ ದೇಶಗಳಿಂದ ಬಂದ ಭಿಕ್ಷುಕರು ಎಲ್ಲರಿಗೂ ಅಲ್ಲಿ ತಡೆಯಿಲ್ಲದ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು ಎನ್ನುತ್ತದೆ. ಶೈವ ಮಠದಲ್ಲಿ ಜೈನ ಸನ್ಯಾಸಿಗೂ ಎಲೆ ಹಾಕುತ್ತಿದ್ದರು ಎಂಬುದನ್ನು ಗಮನಿಸಬೇಕು. ಓದುವ ಜಾಗಕ್ಕೂ ದಾರಿಹೋಕರು ತಂಗುವ ಜಾಗಕ್ಕೂ ನಡುವೆ ಗೋಡೆ ಕಟ್ಟಬೇಕೆಂದು ಆ ಜನರಿಗೆ ಅನ್ನಿಸಿರಲಿಲ್ಲ.

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ, ಅದು ಪ್ರಕಟವಾದದ್ದು 1902ರಲ್ಲಿ. 1904ರ ಎಂಟನೆಯ ಸಂಪುಟದಲ್ಲಿ ಸೊರಬದವು. ಬಳ್ಳಿಗಾವಿಯ ಕಲ್ಲುಗಳ ಮುಂದೆ ನಿಂತು, ಇದರಲ್ಲಿ ಏನು ಬರೆದಿದೆ ಎಂದು ತಲೆ ಕೆರೆದುಕೊಳ್ಳುವ ಪ್ರವಾಸಿಗೆ ಉತ್ತರ ಇರುವುದು ಈ ಎರಡು ಸಂಪುಟಗಳಲ್ಲಿ. ಅವು ಬೆಂಗಳೂರು, ಮೈಸೂರುಗಳ ದೊಡ್ಡ ಗ್ರಂಥಾಲಯಗಳಲ್ಲಿರುವುದು ಒಳ್ಳೆಯದೇ. ಆದರೆ ಕಲ್ಲು ಇಲ್ಲಿದ್ದು ಪುಸ್ತಕ ಮುನ್ನೂರು ಕಿಲೋಮೀಟರ್ ಆಚೆ ಇದ್ದರೆ ಎರಡೂ ಮೂಕವೇ. ಈಗಂತೂ ಈ ಸಂಪುಟಗಳು ಗಣಕಯಂತ್ರದಲ್ಲಿ ಉಚಿತವಾಗಿ ಸಿಗುತ್ತವೆ. ಬೇಕಾದ ಪುಟಗಳನ್ನು ಮುದ್ರಿಸಿ, ರಟ್ಟು ಹಾಕಿಸಿ, ಊರಿನ ಗ್ರಂಥಾಲಯದಲ್ಲಿಡಲು ದೊಡ್ಡ ಅನುದಾನವೇನೂ ಬೇಡ. ಅದರ ಪಕ್ಕದಲ್ಲಿ ತೇಜಸ್ವಿಯವರ ‘ಹಕ್ಕಿಪುಕ್ಕ’ ಇದ್ದರೆ ಗುಡವಿಗೆ ಹೊರಟವರಿಗೂ ಆಯಿತು. ಗೋಡೆಯ ಮೇಲೆ ಕೈಯಲ್ಲೇ ಬರೆದ ಒಂದು ನಕ್ಷೆ, ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು ಎಂಬ ಪಟ್ಟಿ. ಶಾಲೆಯ ಮಕ್ಕಳು ಒಂದು ಶನಿವಾರದಲ್ಲಿ ಮಾಡಿಕೊಡುವ ಕೆಲಸ.

ಬೆಳೆಯ ಹಿಂದೆ ಬರುವವರು

ಪ್ರವಾಸಿಗಳು ಒಂದು ದಿನದ ಅತಿಥಿಗಳು. ಒಂದು ಹಂಗಾಮು ಪೂರ್ತಿ ಇದ್ದು ಹೋಗುವವರು ಬೇರೆಯೇ ಇದ್ದಾರೆ. ಬತ್ತ ಕೊಯ್ಯುವ ಹೊತ್ತಿಗೆ ಯಂತ್ರಗಳ ಜೊತೆ ತಮಿಳುನಾಡಿನಿಂದ ಬರುವ ಚಾಲಕರು, ಅಡಿಕೆ ಕೊಯ್ಲು-ಸುಲಿತದ ತಿಂಗಳುಗಳಲ್ಲಿ ಬಯಲುಸೀಮೆಯಿಂದ ಬರುವ ಕೂಲಿಗಳು, ಗದ್ದೆ ಖಾಲಿಯಾದ ಮೇಲೆ ಮಂದೆ ಹೊಡೆದುಕೊಂಡು ಬಂದು ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಕುರಿಗಾರರು, ಜಾತ್ರೆಯ ಕಾಲಕ್ಕೆ ಟೆಂಟು ಹಾಕುವ ನಾಟಕ ಕಂಪನಿಯವರು. ಇವರಲ್ಲಿ ಕೇರಳದ ಶುಂಠಿ ಬೆಳೆಗಾರರದ್ದು ಒಂದು ವಿಶೇಷ ಸ್ಥಿತಿ. ಗದ್ದೆ, ಹೊಲಗಳನ್ನು ಗುತ್ತಿಗೆಗೆ ಹಿಡಿದು, ಅಲ್ಲೇ ಶೆಡ್ಡು ಕಟ್ಟಿಕೊಂಡು, ಒಂದು ಬೆಳೆ ತೆಗೆದು ಬೇರೆ ಜಾಗಕ್ಕೆ ಹೋಗುತ್ತಾರೆ. ಇದಕ್ಕೆ ಕಾರಣ ಅಲೆಮಾರಿ ಸ್ವಭಾವವಲ್ಲ, ಮಣ್ಣು. ಶುಂಠಿಯ ಕೊಳೆರೋಗಕ್ಕೆ ಕಾರಣವಾದ ಪೈಥಿಯಂ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಬೆಳೆ ಕಿತ್ತ ಮೇಲೂ ಮಣ್ಣಿನಲ್ಲಿ ಉಳಿದಿರುತ್ತದೆ. ಅದೇ ನೆಲದಲ್ಲಿ ಮರುವರ್ಷ ಶುಂಠಿ ಹಾಕಿದರೆ ಗೆಡ್ಡೆ ಕೊಳೆಯುವ ಭಯ. ಕಣ್ಣಿಗೆ ಕಾಣದ ಒಂದು ಜೀವಿ ಮನುಷ್ಯನನ್ನು ವರ್ಷ ವರ್ಷ ಎಬ್ಬಿಸಿ ಓಡಿಸುತ್ತದೆ.

ಈ ಬೆಳೆಗಾರರು ಬರುವುದು ಎಂಥ ನಾಡಿನಿಂದ? ಪಿ.ಎನ್. ಪಣಿಕ್ಕರ್ 1926ರಲ್ಲಿ ನೀಲಂಪೇರೂರಿನಲ್ಲಿ ಒಂದು ಗ್ರಂಥಾಲಯ ತೆರೆದರು. 1945ರಲ್ಲಿ 47 ಗ್ರಾಮ ಗ್ರಂಥಾಲಯಗಳನ್ನು ಕೂಡಿಸಿ ತಿರುವಾಂಕೂರು ಗ್ರಂಥಾಲಯ ಸಂಘ ಕಟ್ಟಿದರು. ಅವರು 1995ರ ಜೂನ್ 19ರಂದು ತೀರಿಕೊಂಡರು. ಆ ದಿನವನ್ನು ಕೇರಳದಲ್ಲಿ ಓದಿನ ದಿನವಾಗಿ ಆಚರಿಸುತ್ತಾರೆ. ಅಲ್ಲಿನ ಹಳ್ಳಿಗಳಲ್ಲಿ ಸಂಜೆ ವಾಚನಶಾಲೆಗೆ ಹೋಗಿ ಪತ್ರಿಕೆ ಓದಿ, ನಾಲ್ಕು ಮಾತು ವಾದಿಸಿ ಮನೆಗೆ ಹೋಗುವುದು ಹಳೆಯ ರೂಢಿ. ಅಂಥವನು ಇಲ್ಲಿ ಬಂದು ಸಂಜೆ ಹೊತ್ತು ಶೆಡ್ಡಿನಲ್ಲಿ ಕುಳಿತಿರುತ್ತಾನೆ. ಊರಿನ ವಾಚನಾಲಯದ ಮೇಜಿನ ಮೇಲೆ ಕನ್ನಡ, ಉರ್ದು ಪತ್ರಿಕೆಗಳ ಜೊತೆ ಹಂಗಾಮಿನ ಆರೇಳು ತಿಂಗಳು ಒಂದು ಮಲಯಾಳಂ ಪತ್ರಿಕೆ ಇದ್ದರೆ ಹೇಗೆ? ಪತ್ರಿಕೆ ಈಗ ಮೊಬೈಲಿನಲ್ಲೇ ಬರುತ್ತದಲ್ಲ ಎನ್ನಬಹುದು. ಬರುತ್ತದೆ ನಿಜ. ಆದರೆ ಮೊಬೈಲು ಪಕ್ಕದಲ್ಲಿ ಕುಳಿತವನ ಪರಿಚಯ ಮಾಡಿಸುವುದಿಲ್ಲ. ಗುತ್ತಿಗೆಯ ಬಾಡಿಗೆ ಎಷ್ಟು, ಔಷಧ ಎಷ್ಟು ಹೊಡೆಯುತ್ತಾರೆ, ನೀರು ಯಾರಿಗೆ ಎಂಬ ತಕರಾರುಗಳ ನಡುವೆ ಊರಿನವರೂ ಪರಊರಿನವರೂ ಒಂದೇ ಮೇಜಿನ ಎರಡು ಬದಿ ಕುಳಿತು ಓದುವ ಜಾಗ ಬೇರೆ ಯಾವುದಿದೆ?

ಕಳ್ಳ ಯಾರು?

ಎಲ್ಲ ಸರಿ, ಪುಸ್ತಕ ಮನೆಗೆ ಕೊಡುವ ಮಾತು ಬಂದಾಗ ಮಾತ್ರ ತೊಡಕು. ಠೇವಣಿ, ಸ್ಥಳೀಯ ವಿಳಾಸದ ದಾಖಲೆ, ಪರಿಚಯದವರ ಜಾಮೀನು. ಒಂದು ಹಂಗಾಮಿಗೆ ಬಂದವನಿಗೆ ಮೊದಲನೆಯದನ್ನು ಕೊಡುವ ಶಕ್ತಿ ಇದ್ದರೂ ಉಳಿದೆರಡು ಎಲ್ಲಿಂದ ಬರಬೇಕು? ಇದಕ್ಕೆ ಗ್ರಂಥಪಾಲಕರನ್ನು ದೂರಿ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲನೆಯಾದಾಗ ಪುಸ್ತಕ ಕಡಿಮೆ ಬಂದರೆ ಉತ್ತರ ಕೊಡಬೇಕಾದವರು ಅವರು, ಕೆಲವೊಮ್ಮೆ ಕೈಯಿಂದ ತುಂಬಬೇಕಾದವರೂ ಅವರೇ. ಅಲ್ಪ ಸಂಬಳದ ಮನುಷ್ಯ ಕಪಾಟಿಗೆ ಬೀಗ ಜಡಿದರೆ ತಪ್ಪು ಅವನದಲ್ಲ, ನಿಯಮದ್ದು. ಯುರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳಿಗೆ ಕಬ್ಬಿಣದ ಸರಪಳಿ ಹಾಕಿ ಕಟ್ಟುತ್ತಿದ್ದರಂತೆ. ರಂಗನಾಥನ್ ತಮ್ಮ ಮೊದಲ ಸೂತ್ರವನ್ನು ವಿವರಿಸುವುದಕ್ಕೆ ಹಿಡಿದ ಉದಾಹರಣೆ ಅದು. ಸರಪಳಿ ಹೋಯಿತು, ಭಯ ಹೋಗಲಿಲ್ಲ. ತೆರೆದ ಕಪಾಟಿನ ಪರವಾಗಿದ್ದ ಅವರು, ಅದರಿಂದ ಕಳೆದುಹೋಗುವ ಕೆಲವು ಪುಸ್ತಕಗಳಿಗಾಗಿ ಎಲ್ಲ ಓದುಗರನ್ನೂ ದೂರವಿಡುವುದನ್ನು ಒಪ್ಪುತ್ತಿರಲಿಲ್ಲ.

ಇಲ್ಲಿ ಮಲೆನಾಡಿನ ಹವೆಯ ಲೆಕ್ಕವನ್ನೂ ಹಾಕಬೇಕು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65-70ನ್ನು ದಾಟಿ ಹಲವು ದಿನ ನಿಂತರೆ ಕಾಗದದ ಮೇಲೆ, ಬೈಂಡಿನ ಗೋಂದಿನ ಮೇಲೆ ಬೂಷ್ಟು ಬೆಳೆಯುತ್ತದೆ. ಈ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕಡಿಮೆ ತೇವಾಂಶವಿರುವ ದಿನಗಳೇ ಅಪರೂಪ. ಮುಚ್ಚಿದ ಕಬ್ಬಿಣದ ಬೀರುವಿನಲ್ಲಿ ಗಾಳಿಯಾಡದೆ ಕೂತ ಪುಸ್ತಕಕ್ಕೆ ಬೂಷ್ಟು, ಬೆಳ್ಳಿಹುಳ, ಗೋಡೆ ಬದಿಯಿಂದ ಗೆದ್ದಲು ಮೂರೂ ಖಾತ್ರಿ. ಕೈಯಿಂದ ಕೈಗೆ ಹೋಗುವ ಪುಸ್ತಕದ ಹಾಳೆ ತಿರುಗುತ್ತದೆ, ಗಾಳಿ ಬೆಳಕು ಕಾಣುತ್ತದೆ. ಹುಳ ಬಿದ್ದರೂ ಯಾರಾದರೂ ನೋಡಿ ಹೇಳುತ್ತಾರೆ. ಪರಊರಿನ ಓದುಗ ಹತ್ತರಲ್ಲಿ ಒಂದನ್ನು ಒಯ್ದೇಬಿಟ್ಟನೆಂದು ಇಟ್ಟುಕೊಂಡರೂ ಗೆದ್ದಲಿನಷ್ಟು ದೊಡ್ಡ ಕಳ್ಳನಲ್ಲ ಅವನು. ಆದರೆ ಗೆದ್ದಲು ತಿಂದದ್ದಕ್ಕೆ ಮಹಜರು ಬರೆದರೆ ಮುಗಿಯಿತು, ಓದುಗ ಒಯ್ದದ್ದಕ್ಕೆ ವಿಚಾರಣೆ!

ಬೇರೆ ಕಡೆ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಅಮೆರಿಕದ ಕಡಲತೀರದ ಎಷ್ಟೋ ಸಣ್ಣ ಊರುಗಳಲ್ಲಿ ಬೇಸಿಗೆಗೆ ಬಂದುಹೋಗುವವರಿಗೆ ಠೇವಣಿ ಪಡೆದು ತಾತ್ಕಾಲಿಕ ಚೀಟಿ ಕೊಡುತ್ತಾರೆ. ಪುಸ್ತಕ ಮರಳಿಸಿದರೆ ದುಡ್ಡು ವಾಪಸು. ಅಷ್ಟು ದೂರ ಹೋಗುವುದು ಬೇಡ. ಮಹಾರಾಷ್ಟ್ರದ ಮಹಾಬಳೇಶ್ವರದ ಹತ್ತಿರ ಭಿಲಾರ್ ಎಂಬ ಸ್ಟ್ರಾಬೆರಿ ಬೆಳೆಯುವ ಹಳ್ಳಿಯಿದೆ. 2017ರ ಮೇ ತಿಂಗಳಲ್ಲಿ ಅದನ್ನು ಪುಸ್ತಕಗಳ ಊರು ಎಂದು ಘೋಷಿಸಿದರು. ಮನೆ, ದೇವಸ್ಥಾನ, ಶಾಲೆ ಎಂದು ಆರಂಭದಲ್ಲಿ 25 ಕಡೆ ಸುಮಾರು 15,000 ಮರಾಠಿ ಪುಸ್ತಕಗಳನ್ನು ಇಟ್ಟರು. ಬಂದ ಪ್ರವಾಸಿಗಳು ಯಾರದೋ ಮನೆಯ ಜಗುಲಿಯಲ್ಲಿ ಕುಳಿತು ಓದುತ್ತಾರೆ. ನಮ್ಮಲ್ಲಿ ಪಾಂಡವಪುರದ ಹತ್ತಿರದ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ ಪುಸ್ತಕ ಮನೆಗೆ ದೂರದೂರದಿಂದ ಜನ ಬರುತ್ತಾರೆ. ಒಂದು ಕಾಲಕ್ಕೆ ಬಸ್ ಕಂಡಕ್ಟರ್ ಆಗಿದ್ದು, ಮುಂದೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ಪುಸ್ತಕ ಕೂಡಿಸಿದ ಮನುಷ್ಯ ಅವರು. ಬಸ್ಸು ಕಾಯುವವರ ಕಷ್ಟ ಅವರಿಗೆ ಗೊತ್ತಿದ್ದೀತು.

ಬಸ್ಸಿನ ಮಾತು ಬಂದದ್ದರಿಂದ ವೇಳೆಯ ವಿಷಯ ಹೇಳಿಬಿಡಬೇಕು. ನಮ್ಮ ಗ್ರಂಥಾಲಯಗಳಿಗೆ ಸೋಮವಾರ ರಜೆ, ಭಾನುವಾರ ತೆರೆದಿರುತ್ತವೆ. ಪ್ರವಾಸಿಗಳ ದೃಷ್ಟಿಯಿಂದ ಇದು ಬಹಳ ಅನುಕೂಲದ ಏರ್ಪಾಟು. ಆದರೆ ಎಷ್ಟೋ ಸಣ್ಣ ಶಾಖೆಗಳು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆಯುತ್ತವೆ. ಬಿಸಿಲಿನಲ್ಲಿ ಬಳ್ಳಿಗಾವಿ ನೋಡಿಕೊಂಡು ಬಂದವನು ನೆರಳು ಹುಡುಕುವ ಮಧ್ಯಾಹ್ನದ ಹೊತ್ತಿಗೇ ಬಾಗಿಲು ಮುಚ್ಚಿರುತ್ತದೆ. ಒಬ್ಬನೇ ನೌಕರ ಊಟಕ್ಕೂ ಹೋಗಬಾರದೆ ಎಂಬುದು ನ್ಯಾಯವಾದ ಪ್ರಶ್ನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಈಗ ಎಲ್ಲ ಊರುಗಳ ಗ್ರಂಥಾಲಯಗಳಲ್ಲೂ ತುಂಬಿರುತ್ತಾರೆ. ಅವರಿಗೂ ಮಧ್ಯಾಹ್ನ ಬೇಕು. ಅವರಲ್ಲೇ ಇಬ್ಬರಿಗೆ ಸರದಿಯ ಮೇಲೆ ಬೀಗದ ಕೈ ಒಪ್ಪಿಸಿದರೆ ವಾಚನಾಲಯದ ಭಾಗವನ್ನಾದರೂ ತೆರೆದಿಡಬಹುದು.

ಪುಸ್ತಕವೇ ಓದುಗನಿದ್ದಲ್ಲಿಗೆ ಹೋಗುವ ಪದ್ಧತಿಯೂ ನಮ್ಮ ದೇಶದಲ್ಲಿ ಹಳೆಯದು. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿಕೊಂಡರು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುವ ವ್ಯವಸ್ಥೆ ಅಲ್ಲಿ ಬೆಳೆಯಿತು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನಗಾಡಿಯ ಮೇಲೆ ಗ್ರಂಥಾಲಯ ಹೊರಟಿತು. ಅಡಿಕೆ ಸುಲಿಯುವ ಮನೆಯ ಅಂಗಳಕ್ಕೆ, ಶುಂಠಿ ಶೆಡ್ಡಿಗೆ ಹಂಗಾಮು ಮುಗಿಯುವವರೆಗೆ ಇಂಥ ಒಂದು ಪೆಟ್ಟಿಗೆ ಕಳಿಸಿ, ಲೆಕ್ಕಕ್ಕೆ ಯಜಮಾನನ ಸಹಿ ಪಡೆದರೆ ಜಾಮೀನಿನ ತೊಡಕು ಅಲ್ಲಿಗೆ ಮುಗಿಯುತ್ತದೆ. ಒಬ್ಬೊಬ್ಬ ಕೂಲಿಯ ವಿಳಾಸ ಕೇಳಬೇಕಾಗಿಲ್ಲ.

ಈ ಎಲ್ಲದರಲ್ಲಿ ಹೆಚ್ಚು ಕಳೆದುಕೊಳ್ಳುವವರು ಮಕ್ಕಳು. ಬೇರೆಯವರು ಇಲ್ಲಿಗೆ ಬರುವ ಹಾಗೆಯೇ ಶಿಕಾರಿಪುರ, ಹೊನ್ನಾಳಿ ಕಡೆಯ ತಾಂಡಾಗಳ ಎಷ್ಟೋ ಸಂಸಾರಗಳು ಕಾಫಿ ಕೊಯ್ಲಿಗೆ ಚಿಕ್ಕಮಗಳೂರಿನ ತೋಟಗಳಿಗೆ, ಕಬ್ಬು ಕಡಿಯಲು ಮಂಡ್ಯದ ಕಡೆಗೆ ಹೊರಡುತ್ತವೆ. ಅಜ್ಜಿ ತಾತ ಇದ್ದ ಮನೆಯ ಮಕ್ಕಳು ಉಳಿಯುತ್ತಾರೆ, ಇಲ್ಲದವರು ಮೂಟೆ ಪಾತ್ರೆಗಳ ಜೊತೆ ಲಾರಿ ಹತ್ತುತ್ತಾರೆ. ಶಾಲೆ ನಾಲ್ಕು ತಿಂಗಳು ತಪ್ಪುತ್ತದೆ. ಹಿಂದೆ ಬಂದಾಗ ತರಗತಿ ಎಷ್ಟೋ ಮುಂದೆ ಹೋಗಿರುತ್ತದೆ, ಹುಡುಗನಿಗೆ ಅಕ್ಷರ ಮರೆತಿರುತ್ತದೆ. ಓದು ಎಂಬುದು ಈಜಿನ ಹಾಗಲ್ಲ. ಬಾಲ್ಯದಲ್ಲಿ ಅರ್ಧ ಕಲಿತು ಬಿಟ್ಟರೆ ಬಿಟ್ಟೇಹೋಗುತ್ತದೆ ಎಂಬುದನ್ನು ಪ್ರಾಥಮಿಕ ಶಾಲೆಯ ಯಾವ ಮೇಷ್ಟರನ್ನು ಕೇಳಿದರೂ ಹೇಳುತ್ತಾರೆ.

ಇಂಥ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಒಂದು ದಾರಿ ಈಗಾಗಲೇ ಅರ್ಧ ತೆರೆದಿದೆ. ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಇರುವ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು, ಅರಿವು ಕೇಂದ್ರ ಎಂಬ ಹೆಸರು ಪಡೆದವು. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮಗು ಯಾವ ಪಂಚಾಯಿತಿಯದು ಎಂದು ಕೇಳದೆ, ಸದ್ಯ ಯಾವ ಪಂಚಾಯಿತಿಯಲ್ಲಿ ಮಲಗುತ್ತದೆ ಎಂಬುದನ್ನಷ್ಟೇ ನೋಡಿ ಚೀಟಿ ಕೊಟ್ಟರೆ ಉಳಿದರ್ಧವೂ ತೆರೆಯಿತು. ಎಲ್ಲವೂ ಒಂದೇ ಇಲಾಖೆಯ ಕೈಯಲ್ಲಿರುವುದರಿಂದ ಒಂದು ಊರಿನ ಚೀಟಿ ಇನ್ನೊಂದು ಊರಿನಲ್ಲಿ ನಡೆಯುವಂತೆ ಮಾಡುವುದು ಕಷ್ಟದ ಮಾತಲ್ಲ. ಆಗ ಶಿಕಾರಿಪುರದ ತಾಂಡಾದ ಹುಡುಗಿ ಅರ್ಧ ಓದಿದ ಕಥೆಪುಸ್ತಕವನ್ನು ಇಲ್ಲೇ ಬಿಟ್ಟು ಲಾರಿ ಹತ್ತಿದರೂ, ಮೂಡಿಗೆರೆಯ ತೋಟದ ಪಕ್ಕದ ಹಳ್ಳಿಯಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿಯನ್ನು ಕೇಳಿ, ನಿಲ್ಲಿಸಿದ ಪುಟದಿಂದ ಓದಬಹುದು.